ಬೇರೆಯವರ ಚಷ್ಮಾ, ನಿಮ್ಮ ಪ್ರೊಸೆಸರ್

1.4. ಈ ಅಂಕಿ ಕೇಳಿದರೆ ಸಾಕು, ನನ್ನ ತಲೆ ಬಿಸಿಯಾಗುತ್ತದೆ.

ಹುಬ್ಬಳ್ಳಿಯ ಕೊಪ್ಪಿಕರ ರೋಡಿನ ಹತ್ತಿರ ನನ್ನ ಅಂಗಡಿ. ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ಕೆಲಸ. ಬೇಸಿಗೆ ಬಂತೆಂದರೆ ಕಾಲೇಜು ಹುಡುಗರು ಕ್ಯಾಬಿನೆಟ್ ಹೊತ್ತುಕೊಂಡು ಬರುತ್ತಾರೆ.

‘ಸರ, ಓವರ್‌ಕ್ಲಾಕ್ ಮಾಡಿದ್ದೆರಿ. ಗೇಮ್ ನಡುವ ಹ್ಯಾಂಗ್ ಆಗಾಕತ್ತೇತಿ.’

‘ವೋಲ್ಟೇಜ್ ಎಷ್ಟ ಇಟ್ಟೀಪಾ?’

‘1.4 ರೀ. ಯೂಟ್ಯೂಬ್‌ನ್ಯಾಗ ಹಂಗ ಹೇಳಿದ್ರು.’

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಅದಕ್ಕೆ ಬಯೋಸ್ ಒಳಗೆ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟಕ್ಕೆ ಹೋಗುವುದು ಹೇಗೆ, ಥರ್ಮಲ್ ಪೇಸ್ಟ್ ಎಷ್ಟು ಹಚ್ಚಬೇಕು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಈ ಹುಡುಗರಿಗೆ ಗೊತ್ತು. ಇಂಟೆಲ್ ಪ್ರೊಸೆಸರ್ ಆದರೆ ಹೆಸರಿನಲ್ಲಿ ಕೆ ಅಕ್ಷರ ಇರಬೇಕು, ಝಡ್ ಸಾಲಿನ ಬೋರ್ಡ್ ಬೇಕು, ಅದೂ ಗೊತ್ತು. ಗೊತ್ತಿಲ್ಲದ್ದು ಒಂದೇ: ಬೇರೆಯವರ ವೋಲ್ಟೇಜ್ ನಿಮ್ಮದಲ್ಲ.

ಪಕ್ಕದ ಮನೆ ಕಾಕಾನ ಚಷ್ಮಾ ಹಾಕಿಕೊಂಡು ಬೈಕ್ ಓಡಿಸುತ್ತೀರಾ? ಇಲ್ಲ ಅಲ್ವಾ. ಪ್ರೊಸೆಸರ್ ಕತೆಯೂ ಹಾಗೇ. ಒಂದೇ ಮಾಡೆಲ್, ಒಂದೇ ಕಾರ್ಖಾನೆ ಇದ್ದರೂ ಎರಡು ಚಿಪ್ ಒಂದೇ ಥರ ಇರುವುದಿಲ್ಲ. ಒಂದಕ್ಕೆ 4.5 ಗಿಗಾಹರ್ಟ್ಸ್ ಓಡಲು 1.2 ವೋಲ್ಟ್ ಸಾಕು. ಇನ್ನೊಂದು 1.3 ಕೊಟ್ಟರೂ ಮುನಿಸಿಕೊಳ್ಳುತ್ತದೆ.

ಇದನ್ನು ನಾನು ಕಲಿತದ್ದು ಇಂಟೆಲ್‌ನ ಸೆಲೆರಾನ್ 300ಎ ಕಾಲದಲ್ಲಿ. 1998ರಲ್ಲಿ ಬಂದ ಚಿಪ್ ಅದು. ಬೋರ್ಡಿನ ಬಸ್ ವೇಗವನ್ನು ಗುಣಕದಿಂದ ಗುಣಿಸಿದರೆ ಚಿಪ್ಪಿನ ವೇಗ. ಇದರ ಗುಣಕ 4.5ಕ್ಕೆ ಲಾಕ್ ಆಗಿತ್ತು. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಇದ್ದದ್ದು 450 ಆಗುತ್ತಿತ್ತು. ನಾನೂ ಗೆಳೆಯನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ತಗೊಂಡೆವು. ನನ್ನದು 450ರಲ್ಲಿ ಆರಾಮಾಗಿ ಓಡಿತು. ಅವನದು 75ರ ಬಸ್ ದಾಟಲಿಲ್ಲ, ಅಂದರೆ 337ಕ್ಕೇ ನಿಂತಿತು. ಅವನು ಇವತ್ತಿಗೂ ನಾನು ಡಬ್ಬ ಬದಲಾಯಿಸಿದೆ ಅಂತಲೇ ಹೇಳುತ್ತಾನೆ.

ಇನ್ನು ವೋಲ್ಟೇಜನ್ನೇ ನಾನು ಯಾಕೆ ಹಿಡಿದುಕೊಂಡು ಕೂತಿದ್ದೇನೆ? ವೇಗ ಜಾಸ್ತಿಯಾದರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ಇಲ್ಲವೇ ಆನ್ ಆಗುವುದಿಲ್ಲ. ಕರೆಂಟ್ ವೈರ್ ತೆಗೆದು ಸಿಮಾಸ್ ಕ್ಲಿಯರ್ ಮಾಡಿದರೆ, ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸಿದರೆ, ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ವೋಲ್ಟೇಜ್ ಹಾಗಲ್ಲ. ಅದು ಚಿಪ್ಪನ್ನು ಸುಮ್ನೆ ಒಳಗೊಳಗೇ ತಿನ್ನುತ್ತದೆ. ಇವತ್ತು ಚೆನ್ನಾಗಿ ಓಡಿದ್ದು ಆರು ತಿಂಗಳಾದ ಮೇಲೆ ಅದೇ ವೇಗದಲ್ಲಿ ಓಡದೇ ಇರಬಹುದು. 2024ರಲ್ಲಿ ಇಂಟೆಲ್‌ನ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಆದದ್ದು ಇದೇ. ವೋಲ್ಟೇಜ್ ಜಾಸ್ತಿ ಹೋಗಿ ಕೆಲವು ಹಾಳಾದವು. ಕಂಪನಿಯೇ ಹೊಸ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸಾಫ್ಟ್‌ವೇರ್) ಕಳಿಸಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ನೀವು ಓವರ್‌ಕ್ಲಾಕ್ ಮಾಡಿ ಸುಟ್ಟುಕೊಂಡರೆ ಮಾತ್ರ ವಾರಂಟಿ ಸಿಗುವುದಿಲ್ಲ, ನೆನಪಿರಲಿ.

ಶಾಖದ ಲೆಕ್ಕ ಬೇರೆ. ವೇಗ ಏರಿದಷ್ಟೇ ಶಾಖ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. 1.2 ಇದ್ದದ್ದನ್ನು 1.4 ಮಾಡಿ, ವೇಗ ಮುಟ್ಟಬೇಡಿ. ವರ್ಗ 1.44 ಇದ್ದದ್ದು 1.96 ಆಯಿತು. ಅಂದರೆ ಒಂದು ಹರ್ಟ್ಸ್ ಲಾಭವಿಲ್ಲದೆ 36 ಪರ್ಸೆಂಟ್ ಬಿಸಿ ಜಾಸ್ತಿ. ಆ ವಿಡಿಯೋದವನು ಎಸಿ ರೂಮಿನಲ್ಲಿ ದೊಡ್ಡ ಕೂಲರ್ ಹಾಕಿಕೊಂಡು ಕೂತಿರುತ್ತಾನೆ. ನೀವು ವಿದ್ಯಾನಗರದ ಮೇಲಿನ ಮಹಡಿ ರೂಮಿನಲ್ಲಿ, ಮೇ ತಿಂಗಳಲ್ಲಿ, ಧೂಳು ಹಿಡಿದ ಫ್ಯಾನಿನ ಜೊತೆ ಇರುತ್ತೀರಿ. ರೂಮಿನ ಬಿಸಿ ಹತ್ತು ಡಿಗ್ರಿ ಹೆಚ್ಚಿದ್ದರೆ ಚಿಪ್ಪಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಮೊನ್ನೆ ಬಂದ ಹುಡುಗನದು ಎಎಂಡಿ ಕಂಪನಿಯ ರೈಜೆನ್ 5 5600ಎಕ್ಸ್ ಪ್ರೊಸೆಸರ್. ಕೂಲರ್ ಡಬ್ಬದ ಜೊತೆ ಬಂದ ಚಿಕ್ಕದೇ. 4.7 ಗಿಗಾಹರ್ಟ್ಸ್‌ಗೆ 1.4 ವೋಲ್ಟ್ ಇಟ್ಟಿದ್ದ. ಪ್ರೊಸೆಸರಿಗೆ ಪರೀಕ್ಷೆ ಕೊಟ್ಟು ಸ್ಕೋರ್ ಹೇಳುವ ಸಿನೆಬೆಂಚ್ ಹಚ್ಚಿದೆ. ಒಂದೇ ನಿಮಿಷದಲ್ಲಿ 95 ಡಿಗ್ರಿ. ಅದು ಈ ಚಿಪ್ಪಿನ ಮಿತಿ, ಅಲ್ಲಿಗೆ ತಾನೇ ವೇಗ ಇಳಿಸಿಕೊಂಡಿತು. ಬಯೋಸ್ ಮೊದಲಿನಂತೆ ಮಾಡಿ ಮತ್ತೆ ಓಡಿಸಿದರೆ ಸ್ಕೋರ್ ಜಾಸ್ತಿ ಬಂತು! ಹುಡುಗ ನನ್ನ ಮುಖವನ್ನೇ ನೋಡುತ್ತ ಕೂತ. ನಗು ಬಂತು, ತಡೆದುಕೊಂಡೆ. ಪಾಪ, ಎರಡು ರಾತ್ರಿ ನಿದ್ದೆಗೆಟ್ಟಿದ್ದ.

ಹಾಗಾದರೆ ಮಾಡುವುದು ಹೇಗೆ? ಮೊದಲು ಏನೂ ಮುಟ್ಟದೆ ಲೋಡ್ ಹಾಕಿ, ಅಂದರೆ ಚಿಪ್ಪಿಗೆ ಭಾರಿ ಕೆಲಸ ಕೊಡಿ. ನಿಮ್ಮ ಚಿಪ್ ಎಷ್ಟು ವೋಲ್ಟ್ ತಗೊಳ್ಳುತ್ತದೆ, ಎಷ್ಟು ಬಿಸಿಯಾಗುತ್ತದೆ ನೋಡಿ ಬರೆದಿಡಿ. ಇದನ್ನೆಲ್ಲ ತೋರಿಸಲು ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಸಾಕು. ಆಮೇಲೆ ವೋಲ್ಟೇಜ್ ಆಟೋದಲ್ಲಿ ಬಿಡಬೇಡಿ. ವೇಗ ಏರಿಸಿದರೆ ಕೆಲವು ಬೋರ್ಡ್ ಬೇಕಾದ್ದಕ್ಕಿಂತ ಜಾಸ್ತಿಯೇ ಸುರಿಯುತ್ತವೆ. ಎಲ್ಲ ಕೋರ್ ಓಡುವಾಗ ಕಂಡ ವೋಲ್ಟನ್ನೇ ಕೈಯಿಂದ ಇಟ್ಟು, ಗುಣಕ ಒಂದೊಂದೇ ಏರಿಸಿ. ಒಂದು ಮೆಟ್ಟಿಲು ಅಂದರೆ 100 ಮೆಗಾಹರ್ಟ್ಸ್. ಹ್ಯಾಂಗ್ ಆದಾಗ 0.01, ಹೆಚ್ಚೆಂದರೆ 0.02 ವೋಲ್ಟ್ ಏರಿಸಿ ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಗ ಆಫ್ ಇರಲಿ. 85 ಡಿಗ್ರಿ ಬಂತೋ, ನಾನಾದರೆ ಅಲ್ಲೇ ನಿಲ್ಲಿಸುತ್ತೇನೆ, ಒಂದು ಮೆಟ್ಟಿಲು ಕೆಳಗಿಳಿದು ಒಂದು ಗಂಟೆ ಓಸಿಸಿಟಿ ಎಂಬ ಪರೀಕ್ಷೆಯ ಸಾಫ್ಟ್‌ವೇರ್ ಓಡಿಸುತ್ತೇನೆ. ಪೀಳಿಗೆಯಿಂದ ಪೀಳಿಗೆಗೆ ಮಿತಿ ಬೇರೆ, ನಿಮ್ಮ ಚಿಪ್ಪಿನದು ಕಂಪನಿಯ ಪುಟದಲ್ಲಿ ನೋಡಿಕೊಳ್ಳಿ. ವಿಂಡೋಸ್ ತೆರೆದುಕೊಂಡಿತು ಅಂದರೆ ಪಾಸಾಯಿತು ಅಂತ ಅಲ್ಲ. ಈ ಮಾತು ದಿನಕ್ಕೆ ಎರಡು ಸಲ ಹೇಳುತ್ತೇನೆ.

ಆ ಹುಡುಗನ 5600ಎಕ್ಸ್‌ಗೆ ಕೊನೆಗೆ ಓವರ್‌ಕ್ಲಾಕ್ ಮಾಡಲೇ ಇಲ್ಲ. ಬಯೋಸ್‌ನ ಕರ್ವ್ ಆಪ್ಟಿಮೈಸರ್ ಸೆಟ್ಟಿಂಗ್‌ನಲ್ಲಿ ವೋಲ್ಟೇಜನ್ನು ಸ್ವಲ್ಪ ಕೆಳಗೆ ತಂದೆವು. ಈಗಿನ ಚಿಪ್‌ಗಳು ಜಾಗ ಸಿಕ್ಕರೆ ತಾವೇ ಮೇಲೇರುತ್ತವೆ. ಬಿಸಿಯೂ ಇಳಿಯಿತು, ಸ್ಕೋರೂ ಏರಿತು. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ: ‘ಸರ, ನಿಮ್ಮ ಸೆಟ್ಟಿಂಗ್ ಫೋಟೋ ತಗೊಂಡೇನ್ರಿ. ನಮ್ಮ ದೋಸ್ತಗ ಕಳಸ್ಲೇನು? ಅವಂದೂ ಇದ ಚಿಪ್.’