12 ವೋಲ್ಟ್ ಪಂಪಿಗೆ ರಿಲೇಯೋ, ಮಾಸ್‌ಫೆಟ್ಟೋ?

ತಾರಸಿ ತೋಟಕ್ಕೆ ನೀರು ಬಿಡುವ 12 ವೋಲ್ಟ್ ಡಿಸಿ ಪಂಪು, ಅದಕ್ಕೆ 7 ಆಂಪಿಯರ್-ಅವರ್ ಬ್ಯಾಟರಿ, ಸಣ್ಣ ಸೋಲಾರ್ ಪ್ಯಾನೆಲ್, ಮಣ್ಣಿನ ತೇವ ನೋಡಿ ಪಂಪು ನಡೆಸಲು ಒಂದು ಇಎಸ್‌ಪಿ32 ಕಂಟ್ರೋಲರ್ ಬೋರ್ಡ್. ಇಂಥದ್ದನ್ನು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ತರುವುದು ನೀಲಿ ಡಬ್ಬಿಯ 5 ವೋಲ್ಟ್ ರಿಲೇ ಮಾಡ್ಯೂಲ್, ಅಂದರೆ ಒಳಗಿನ ಸುರುಳಿಗೆ (ಕಾಯಿಲ್) ಕರೆಂಟು ಕೊಟ್ಟಾಗ ಲೋಹದ ತುದಿಗಳು (ಕಾಂಟ್ಯಾಕ್ಟ್) ಕೂಡಿಕೊಳ್ಳುವ ಸ್ವಿಚ್. ಅಗ್ಗ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ, ಟಕ್ಕೆಂದು ಸದ್ದು ಮಾಡುವುದರಿಂದ ನಂಬಿಕೆಯೂ ಹುಟ್ಟುತ್ತದೆ. ಆದರೂ ಈ ಕೆಲಸಕ್ಕೆ ಅದು ಒಳ್ಳೆಯ ಆಯ್ಕೆಯಲ್ಲ.

ಮೊದಲು ರಿಲೇಯ ಮೇಲಿನ ಬರಹವನ್ನು ಸರಿಯಾಗಿ ಓದಬೇಕು. ‘10 ಆಂಪಿಯರ್’ ಎಂದು ಅಚ್ಚಾಗಿರುವುದು ಹೀಟರಿನಂಥ ಶುದ್ಧ ರೆಸಿಸ್ಟಿವ್ ಲೋಡಿಗೆ. ಮೋಟಾರು, ಸೊಲೆನಾಯ್ಡ್ ವಾಲ್ವ್ ಮುಂತಾದ ಸುರುಳಿ ಇರುವ ಲೋಡುಗಳಿಗೆ ಅದೇ ರಿಲೇಯ ಡೇಟಾಶೀಟ್ ಕೊಡುವ ಅಂಕಿ 3 ಆಂಪಿಯರ್ ಆಸುಪಾಸು. ಕಾರಣ ಕಿಡಿ. ಮನೆಯ ಎಸಿ ವಿದ್ಯುತ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಾಂಟ್ಯಾಕ್ಟ್ ಬಿಡಿಸಿಕೊಳ್ಳುವಾಗ ಹುಟ್ಟಿದ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಸೊನ್ನೆಯೇ ಬರುವುದಿಲ್ಲ. ಕಿಡಿ ಉಳಿದಷ್ಟು ಹೊತ್ತು ಲೋಹ ಕರಗುತ್ತದೆ. ಜೊತೆಗೆ ಪಂಪು ಶುರುವಾಗುವ ಕ್ಷಣ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು. ಕಾಂಟ್ಯಾಕ್ಟ್ ಕೂಡಿಕೊಳ್ಳುವಾಗ ಒಂದೆರಡು ಸಲ ಪುಟಿಯುವುದೂ ಅದೇ ಹೊತ್ತಿನಲ್ಲಿ. ಕೊನೆಗೊಂದು ದಿನ ಎರಡೂ ಬೆಸೆದುಕೊಂಡು ಪಂಪು ನಿಲ್ಲುವುದೇ ಇಲ್ಲ.

ಇನ್ನೊಂದು ನಷ್ಟ ಬ್ಯಾಟರಿಯದು. 5 ವೋಲ್ಟ್ ಕಾಯಿಲ್‌ನ ರೋಧ ಸುಮಾರು 70 ಓಮ್, ಅಂದರೆ 71 ಮಿಲಿಆಂಪಿಯರ್. ಅದನ್ನು 5 ವೋಲ್ಟ್‌ಗೆ ಇಳಿಸುವ 7805 ರೆಗ್ಯುಲೇಟರ್ ಮೂಲಕ 12 ವೋಲ್ಟ್‌ನಿಂದ ತೆಗೆದರೆ ಬ್ಯಾಟರಿ ಕೊಡುವ ಕರೆಂಟೂ ಅಷ್ಟೇ. ಉಳಿದ 7 ವೋಲ್ಟ್ ಬಿಸಿಯಾಗಿ ಹೋಗುತ್ತದೆ. ದಿನವಿಡೀ ಆನ್ ಇಡಬೇಕಾದ ಲೋಡಾದರೆ ಕಾಯಿಲ್ ಒಂದೇ 1.7 ಆಂಪಿಯರ್-ಅವರ್ ತಿನ್ನುತ್ತದೆ. ರಿಲೇಯೇ ಬೇಕೆಂದಾದರೆ 12 ವೋಲ್ಟ್ ಕಾಯಿಲ್‌ನದನ್ನು ಕೊಳ್ಳಿ: 400 ಓಮ್, 30 ಮಿಲಿಆಂಪಿಯರ್, ನೇರವಾಗಿ ಬ್ಯಾಟರಿಯಿಂದ.

ಮಾಡ್ಯೂಲ್ ಅಲ್ಲದ ಬಿಡಿ ರಿಲೇಯನ್ನು ಇಎಸ್‌ಪಿ32 ಪಿನ್ನಿಗೆ ನೇರ ಜೋಡಿಸಬೇಡಿ. ಆ ಪಿನ್ನಿನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯುವುದು ಒಳ್ಳೆಯದಲ್ಲ. ನಡುವೆ ಒಂದು ಬಿಸಿ547 (BC547) ಟ್ರಾನ್ಸಿಸ್ಟರ್, ಅದರ ಬೇಸ್‌ಗೆ 470 ಓಮ್ ರೆಸಿಸ್ಟರ್, ಕಾಯಿಲ್‌ಗೆ ಅಡ್ಡವಾಗಿ 1ಎನ್4007 ಡಯೋಡ್, ಅದರ ಗೆರೆಯಿರುವ ತುದಿ ಪ್ಲಸ್ ಕಡೆಗೆ. ಡಯೋಡ್ ಬಿಟ್ಟರೆ ಕಾಯಿಲ್ ಆರಿದಾಗ ಏಳುವ ವೋಲ್ಟೇಜ್ ಬಿಸಿ547 ತಡೆಯುವ 45 ವೋಲ್ಟನ್ನು ಸುಲಭವಾಗಿ ದಾಟುತ್ತದೆ. ಒಂದೇ ಸಲಕ್ಕೆ ಸಾಯದೆ ಹೋಗಬಹುದು, ಆದರೆ ವಾರಗಟ್ಟಲೆ ಕಾರಣವೇ ತಿಳಿಯದಂತೆ ಕಂಟ್ರೋಲರ್ ರೀಸೆಟ್ ಆಗುತ್ತಿರುತ್ತದೆ. ನಾಲ್ಕಾರು ರಿಲೇಗಳಿದ್ದರೆ ಯುಎಲ್‌ಎನ್2003 ಚಿಪ್ ಹಾಕಿ. ಡಯೋಡ್‌ಗಳು ಅದರೊಳಗೇ ಇವೆ.

ನಮ್ಮ ಪಂಪಿಗೆ ಒಪ್ಪುವುದು ಎನ್-ಚಾನೆಲ್ ಮಾಸ್‌ಫೆಟ್, ಅಂದರೆ ಗೇಟ್ ಎಂಬ ಕಾಲಿಗೆ ಕೊಟ್ಟ ವೋಲ್ಟೇಜಿನಿಂದ ಡ್ರೈನ್, ಸೋರ್ಸ್ ಎಂಬ ಉಳಿದೆರಡು ಕಾಲುಗಳ ನಡುವೆ ಕರೆಂಟು ಹರಿಯಗೊಡುವ ಟ್ರಾನ್ಸಿಸ್ಟರ್. ಅಂಗಡಿಯವರು ಕೈಗಿಡುವ ಐಆರ್‌ಎಫ್540ಎನ್ ಇಲ್ಲಿ ಎಡವಿಸುತ್ತದೆ. ಅದರ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದಿರುವುದನ್ನು ನೋಡಿ ಇಎಸ್‌ಪಿ32 ಪಿನ್ನಿನ 3.3 ವೋಲ್ಟ್ ಸಾಕೆಂದುಕೊಳ್ಳುತ್ತಾರೆ. ಥ್ರೆಶೋಲ್ಡ್ ಎಂದರೆ ಡ್ರೈನಿನಲ್ಲಿ ಬರೀ 250 ಮೈಕ್ರೋಆಂಪಿಯರ್ ಹರಿಯತೊಡಗುವ ಗೇಟ್ ವೋಲ್ಟೇಜ್, ಬಾಗಿಲು ಕಿರುಗುಟ್ಟಿದಷ್ಟೇ. ಪೂರ್ತಿ ತೆರೆಯಲು ಅದಕ್ಕೆ 10 ವೋಲ್ಟ್ ಬೇಕು. ಅರ್ಧ ತೆರೆದ ಮಾಸ್‌ಫೆಟ್‌ನಲ್ಲಿ 4 ಆಂಪಿಯರ್ ಹರಿದರೆ ಪಂಪು ಮಂದವಾಗಿ ಸುತ್ತುತ್ತದೆ, ಮಾಸ್‌ಫೆಟ್ ಕೈ ಸುಡುತ್ತದೆ.

ಆದ್ದರಿಂದ ಡೇಟಾಶೀಟ್‌ನಲ್ಲಿ ನೋಡಬೇಕಾದದ್ದು ಆನ್-ರೋಧದ (ತೆರೆದಾಗ ಉಳಿಯುವ ರೋಧದ) ಸಾಲು, ಮತ್ತು ಆ ರೋಧವನ್ನು ಎಷ್ಟು ಗೇಟ್ ವೋಲ್ಟೇಜಿನಲ್ಲಿ ಅಳೆದಿದ್ದಾರೆ ಎಂಬುದು. 5 ವೋಲ್ಟ್ ಆರ್ಡುಯಿನೋ ಉನೋಗೆ ಐಆರ್‌ಎಲ್‌ಝಡ್44ಎನ್ ಚೆನ್ನ: 5 ವೋಲ್ಟ್‌ನಲ್ಲಿ ಗರಿಷ್ಠ 25 ಮಿಲಿಓಮ್. 5 ಆಂಪಿಯರ್ ಹರಿದರೂ ಬಿಸಿ ಸುಮಾರು 0.6 ವ್ಯಾಟ್, ಹೀಟ್‌ಸಿಂಕ್ ಬೇಡ. 3.3 ವೋಲ್ಟ್‌ಗೆ ಅದರ ಡೇಟಾಶೀಟ್ ಭರವಸೆ ಕೊಡುವುದಿಲ್ಲ. ಇಎಸ್‌ಪಿ32 ಆದರೆ, 2 ಆಂಪಿಯರ್ ಒಳಗಿನ ಲೋಡಿಗೆ ಎಒ3400 ಹಾಕಿ, 2.5 ವೋಲ್ಟ್‌ನಲ್ಲೇ ಅದರ ರೋಧ 50 ಮಿಲಿಓಮ್ ಆಸುಪಾಸು. ಅದಕ್ಕಿಂತ ದೊಡ್ಡ ಪಂಪಿಗೆ ನಡುವೆ ಟಿಸಿ4427ನಂಥ ಗೇಟ್ ಡ್ರೈವರ್ ಇಟ್ಟು ಗೇಟ್‌ಗೆ 12 ವೋಲ್ಟನ್ನೇ ಕೊಡಬಹುದು. ಆಗ ಅದೇ ಐಆರ್‌ಎಫ್540ಎನ್ ಕೂಡ ಚೊಕ್ಕವಾಗಿ ಕೆಲಸ ಮಾಡುತ್ತದೆ.

ಜೋಡಣೆ ಹೀಗೆ: ಪಂಪಿನ ಪ್ಲಸ್ ಬ್ಯಾಟರಿಗೆ, ಮೈನಸ್ ಡ್ರೈನ್‌ಗೆ, ಸೋರ್ಸ್ ಗ್ರೌಂಡ್‌ಗೆ. ಪಿನ್ನಿನಿಂದ ಗೇಟ್‌ಗೆ 100 ಓಮ್. ಗೇಟ್‌ನಿಂದ ಸೋರ್ಸ್‌ಗೆ 10 ಕಿಲೋಓಮ್. ಗೇಟ್ ಡ್ರೈವರ್ ಇದ್ದರೆ ಇದೇ ರೆಸಿಸ್ಟರ್ ಅದರ ಇನ್‌ಪುಟ್‌ಗೂ ಬೇಕು. ಇದನ್ನು ಮರೆತರೆ ಕಂಟ್ರೋಲರ್ ಬೂಟ್ ಆಗುವಾಗ ಪಿನ್ ಅತಂತ್ರವಾಗಿದ್ದು ಪಂಪು ತಾನಾಗಿ ಓಡೀತು. ಕಂಟ್ರೋಲರ್ ಮತ್ತು ಬ್ಯಾಟರಿಯ ಗ್ರೌಂಡ್ ಒಂದೇ ಆಗಿರಬೇಕು. ಪಂಪಿಗೆ ಅಡ್ಡವಾಗಿ ಡಯೋಡ್ ಇಲ್ಲೂ ಬೇಕು. ಬರೀ ಆನ್-ಆಫ್ ಆದರೆ 1ಎನ್4007 ಸಾಕು. ಪಿಡಬ್ಲ್ಯುಎಮ್‌ನಿಂದ, ಅಂದರೆ ಬೇಗಬೇಗ ಆನ್-ಆಫ್ ಮಾಡಿ, ವೇಗ ಬದಲಿಸುವುದಾದರೆ ಅದು ತೀರಾ ನಿಧಾನ. 3 ಆಂಪಿಯರ್ ತನಕ 1ಎನ್5822 ಶಾಟ್ಕಿ ಡಯೋಡ್ ಹಾಕಿ.

ಈ ಜೋಡಣೆ ಕತ್ತರಿಸುವುದು ಮೈನಸ್ ತಂತಿಯನ್ನು. ವಾಹನದಲ್ಲಿ ಲೋಡಿನ ಲೋಹದ ಮೈ ಚಾಸಿಗೆ ತಾಗಿದ್ದರೆ ಕರೆಂಟು ಆ ದಾರಿಯಲ್ಲೇ ಹೋಗುತ್ತದೆ, ಲೋಡ್ ಆರುವುದೇ ಇಲ್ಲ. ಅಲ್ಲಿ ಪ್ಲಸ್ ಕತ್ತರಿಸುವ ಪಿ-ಚಾನೆಲ್ ಮಾಸ್‌ಫೆಟ್ ಬೇಕು, ಅದರ ಗೇಟನ್ನು ಕೆಳಗೆಳೆಯಲು ಒಂದು ಟ್ರಾನ್ಸಿಸ್ಟರ್ ಸಮೇತ. 12 ವೋಲ್ಟ್‌ನ ಪಿ-ಚಾನೆಲ್ ಗೇಟನ್ನು 3.3 ವೋಲ್ಟ್ ಪಿನ್ ನೇರವಾಗಿ ಆರಿಸಲಾರದು.

‘ಸಾಲಿಡ್ ಸ್ಟೇಟ್ ರಿಲೇ’ ಎಂಬ ಹೆಸರು ನೋಡಿ ಮರುಳಾಗಬೇಡಿ. ಮಾದರಿಯ ಹೆಸರು ‘ಡಿಎ’ ಎಂದು ಮುಗಿದರೆ ಸಾಮಾನ್ಯವಾಗಿ ಅದರ ಔಟ್‌ಪುಟ್ ಎಸಿಗೆ ಮಾತ್ರ. ಒಳಗಿರುವ ಟ್ರಯಾಕ್ ಆರಬೇಕಾದರೆ ಕರೆಂಟು ಸೊನ್ನೆಗಿಳಿಯಬೇಕು. ಡಿಸಿಯಲ್ಲಿ ಒಮ್ಮೆ ಹೊತ್ತಿದರೆ ಹೊತ್ತಿದ್ದೇ. ‘ಡಿಡಿ’ ಎಂದಿರುವುದು ಡಿಸಿಗೆ.

ರಿಲೇಗೂ ಅದರದೇ ಜಾಗವಿದೆ. 230 ವೋಲ್ಟ್ ಲೋಡ್, ಮೋಟಾರು ಹಿಂದುಮುಂದೆ ತಿರುಗಿಸುವುದು, ಎರಡು ಸರ್ಕ್ಯೂಟುಗಳನ್ನು ಪೂರ್ತಿ ಬೇರೆಯಾಗಿಡುವುದು, ಇಲ್ಲೆಲ್ಲ ರಿಲೇ ಸರಳ. ಆದರೆ ಅದೇ ನೀಲಿ ರಿಲೇಯಲ್ಲಿ ಆಡಿಯೋ ಅಥವಾ ಸೆನ್ಸರ್ ಸಿಗ್ನಲ್ ಹಾಯಿಸಬೇಡಿ. ಕಾಂಟ್ಯಾಕ್ಟ್ ಮೇಲೆ ಕೂರುವ ಪದರವನ್ನು ಸುಟ್ಟು ತೆಗೆಯುವಷ್ಟು ಕರೆಂಟು ಅಲ್ಲಿರುವುದಿಲ್ಲ. ಚಿನ್ನದ ಲೇಪನದ ಸಿಗ್ನಲ್ ರಿಲೇ ಬೇಕು.

ಮಾಸ್‌ಫೆಟ್ ಕೂಡ ಕೆಟ್ಟಾಗ ಸಾಮಾನ್ಯವಾಗಿ ಆನ್ ಆಗಿಯೇ ಉಳಿಯುತ್ತದೆ. ಹಾಗಾಗಿ ಪಂಪಿನ ತಂತಿಯಲ್ಲೇ, ಆ ಕರೆಂಟನ್ನು ತಾಳುವ ನೀರಿನ ಮಟ್ಟಕ್ಕೆ ತಕ್ಕಂತೆ ತಾನೇ ಕತ್ತರಿಸುವ ಒಂದು ಫ್ಲೋಟ್ ಸ್ವಿಚ್ ಇಡಿ, ಸಾಫ್ಟ್‌ವೇರಿನ ಹಂಗಿಲ್ಲದ್ದು. ಬ್ಯಾಟರಿಯ ಪ್ಲಸ್ ಬುಡದಲ್ಲೇ 7.5 ಆಂಪಿಯರ್ ಫ್ಯೂಸ್ ಇರಲಿ. ಎಲ್ಲ ಜೋಡಿಸಿದ ಮೇಲೆ ಪಂಪು ಓಡುತ್ತಿರುವಾಗ ಮಲ್ಟಿಮೀಟರಿನಲ್ಲಿ ಡ್ರೈನ್-ಸೋರ್ಸ್ ನಡುವೆ ಅಳೆಯಿರಿ. 4 ಆಂಪಿಯರ್ ಲೋಡಿಗೆ 0.1ರಿಂದ 0.2 ವೋಲ್ಟ್ ಬಂದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಗೇಟ್‌ಗೆ ವೋಲ್ಟೇಜ್ ಸಾಲುತ್ತಿಲ್ಲ, ಇಲ್ಲವೇ ಕೈಗೆ ಸಿಕ್ಕಿರುವುದು ನಕಲಿ ಬಿಡಿಭಾಗ.