ಥೈಮಸ್ ಇಮೇಜಿಂಗ್: ಎದೆಮೂಳೆಯ ಹಿಂದಿನ ಗಡ್ಡೆಯನ್ನು ಸ್ಕ್ಯಾನ್‌ನಲ್ಲಿ ಓದುವ ಬಗೆ

ಎದೆಯ ಸಿ.ಟಿ. ರಿಪೋರ್ಟಿನಲ್ಲಿ ಒಮ್ಮೊಮ್ಮೆ ‘ಆಂಟೀರಿಯರ್ ಮೀಡಿಯಸ್ಟೈನಲ್ ಮಾಸ್’ ಎಂಬ ಸಾಲು ಕಾಣಿಸುತ್ತದೆ. ಎದೆಮೂಳೆಯ ಹಿಂದೆ, ಹೃದಯ ಮತ್ತು ದೊಡ್ಡ ರಕ್ತನಾಳಗಳ ಮುಂದೆ ಇರುವ ಜಾಗದಲ್ಲಿ ಗಡ್ಡೆಯಂಥದ್ದೇನೋ ಇದೆ ಎಂದು ಅದು ಹೇಳುತ್ತಿದೆ, ಅಷ್ಟೇ. ಕ್ಯಾನ್ಸರ್ ಎಂದು ಹೇಳುತ್ತಿಲ್ಲ. ಆ ಜಾಗದಲ್ಲೇ ಇರುವ ಥೈಮಸ್ ಎಂಬ ಗ್ರಂಥಿಯ ಗಡ್ಡೆಯೇ ಎಂದೂ ಹೇಳುತ್ತಿಲ್ಲ. ಆ ಜಾಗದಲ್ಲಿ ಲಿಂಫೋಮಾ (ಲಿಂಫ್ ಜೀವಕೋಶಗಳ ಕ್ಯಾನ್ಸರ್) ಇರಬಹುದು, ಜರ್ಮ್ ಸೆಲ್ ಗಡ್ಡೆ (ವೀರ್ಯ, ಅಂಡಾಣುಗಳಾಗಬೇಕಿದ್ದ ಜೀವಕೋಶಗಳಿಂದ ಹುಟ್ಟುವಂಥದ್ದು) ಇರಬಹುದು, ಕತ್ತಿನಿಂದ ಎದೆಯೊಳಗೆ ಇಳಿದ ಥೈರಾಯ್ಡ್ ಇರಬಹುದು, ಬರೀ ನೀರು ತುಂಬಿದ ಚೀಲವೂ ಇರಬಹುದು. ಇವುಗಳಲ್ಲಿ ಯಾವುದು ಅದು? ಥೈಮಸ್‌ನದ್ದೇ ಆದರೆ ಎಲ್ಲಿಯವರೆಗೆ ಹಬ್ಬಿದೆ? ಆಪರೇಷನ್ ಮಾಡಿ ಪೂರ್ತಿ ತೆಗೆಯಲು ಸಾಧ್ಯವಾ? ಈ ಮೂರು ಪ್ರಶ್ನೆಗೆ ಸ್ಕ್ಯಾನ್‌ಗಳಿಂದ ಉತ್ತರ ಹುಡುಕುವ ಕೆಲಸಕ್ಕೆ ಥೈಮಸ್ ಇಮೇಜಿಂಗ್ ಎನ್ನುತ್ತಾರೆ.

ಮೊದಲು ಥೈಮಸ್ ಬಗ್ಗೆ ಸ್ವಲ್ಪ. ಸೋಂಕಿನ ವಿರುದ್ಧ ಹೋರಾಡುವ ಟಿ ಜೀವಕೋಶಗಳು ಬಲಿಯುವುದು ಈ ಗ್ರಂಥಿಯಲ್ಲಿ. ಬಹಳ ಕಾಲ ಇದು ಕೆಲಸಕ್ಕೆ ಬಾರದ ಅಂಗ ಎಂದೇ ಜನ ತಿಳಿದಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಆಗ ತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಆ ಮರಿಗಳಿಗೆ ಸೋಂಕನ್ನು ತಡೆಯುವ ಶಕ್ತಿಯೇ ಇರಲಿಲ್ಲ. ಥೈಮಸ್‌ನ ಕೆಲಸ ಗೊತ್ತಾಗಿದ್ದು ಹಾಗೆ.

ಸ್ಕ್ಯಾನ್ ಓದುವವರಿಗೆ ಇದರ ಇನ್ನೊಂದು ಗುಣ ಜಾಸ್ತಿ ಮುಖ್ಯ. ಬಾಲ್ಯದಲ್ಲಿ ಥೈಮಸ್ ದೊಡ್ಡದಾಗಿಯೇ ಇರುತ್ತದೆ. ಹರೆಯ ದಾಟಿದ ಮೇಲೆ ಕುಗ್ಗುತ್ತಾ ಹೋಗುತ್ತದೆ, ಅದರ ಜಾಗವನ್ನು ನಿಧಾನವಾಗಿ ಕೊಬ್ಬು ಹಿಡಿಯುತ್ತದೆ. ಹಾಗಾಗಿ 5 ವರ್ಷದ ಮಗುವಿನ ಎದೆಯಲ್ಲಿ ಕಂಡರೆ ಯಾರೂ ತಲೆ ಕೆಡಿಸಿಕೊಳ್ಳದ ಗಾತ್ರ, 55ರ ವ್ಯಕ್ತಿಯಲ್ಲಿ ಕಂಡರೆ ಅನುಮಾನ ಹುಟ್ಟಿಸುತ್ತದೆ. ವಯಸ್ಸು ಕೇಳದೆ ಥೈಮಸ್ ಸ್ಕ್ಯಾನ್ ಓದುವ ಹಾಗೇ ಇಲ್ಲ.

ಇನ್ನೊಂದು ಚೇಷ್ಟೆಯೂ ಇದೆ ಇದಕ್ಕೆ. ಕೀಮೋ, ಸ್ಟೀರಾಯ್ಡ್, ದೊಡ್ಡ ಸುಟ್ಟಗಾಯ, ಇಂಥ ಪೆಟ್ಟು ಬಿದ್ದಾಗ ಥೈಮಸ್ ಕುಗ್ಗುತ್ತದೆ. ದೇಹ ಚೇತರಿಸಿಕೊಂಡಾಗ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಇದಕ್ಕೆ ರೀಬೌಂಡ್ ಹೈಪರ್‌ಪ್ಲೇಸಿಯಾ ಎಂದು ಹೆಸರು. ಲಿಂಫೋಮಾಗೆ ಚಿಕಿತ್ಸೆ ಮುಗಿಸಿದ ಹುಡುಗನ ಎದೆಯಲ್ಲಿ ಕೆಲವು ತಿಂಗಳ ನಂತರ ಹೊಸದೊಂದು ಊತ ಕಾಣುತ್ತದೆ, ಸಕ್ಕರೆಯಂಥ ವಿಕಿರಣಶೀಲ ದ್ರವ್ಯ ಚುಚ್ಚಿ, ಅದನ್ನು ಹೀರುವ ಜಾಗಗಳನ್ನು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಅದು ಹೊಳೆಯುತ್ತದೆ ಕೂಡ. ರೋಗ ಮರುಕಳಿಸಿತು ಎಂದು ಮನೆಯವರು ಕುಸಿದು ಕೂರುತ್ತಾರೆ. ನಿಜಕ್ಕೂ ಆಗಿರುವುದು ಥೈಮಸ್ ಚೇತರಿಸಿಕೊಂಡಿರುವುದು ಮಾತ್ರ ಇರಬಹುದು.

ನಿಜವಾದ ಥೈಮಸ್ ಗಡ್ಡೆಗಳು ಅಪರೂಪ. ವರ್ಷಕ್ಕೆ 10 ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಥೈಮೋಮಾ. ಇವು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ. ಥೈಮಿಕ್ ಕಾರ್ಸಿನೋಮಾ ಇನ್ನೂ ಅಪರೂಪ, ಆದರೆ ಜೋರು. ಹಾರ್ಮೋನ್ ಸ್ರವಿಸಬಲ್ಲ ಜೀವಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆಗಳು ಅದಕ್ಕಿಂತಲೂ ವಿರಳ. ಎಷ್ಟೋ ಸಲ ಬೇರೆ ಯಾವುದೋ ಕಾರಣಕ್ಕೆ ತೆಗೆಸಿದ ಸ್ಕ್ಯಾನ್‌ನಲ್ಲಿ ಇವು ಸುಮ್ನೆ ಸಿಕ್ಕಿಬೀಳುತ್ತವೆ. ಇನ್ನೊಂದು ದಾರಿ ಮಯಸ್ತೇನಿಯಾ ಗ್ರೇವಿಸ್. ಕಣ್ಣರೆಪ್ಪೆ ಜೋಲು ಬೀಳುವುದು, ಒಂದೇ ಎರಡಾಗಿ ಕಾಣುವುದು, ಸಂಜೆಯಾಗುತ್ತಿದ್ದಂತೆ ಸ್ನಾಯುಗಳು ಸೋಲುವುದು ಈ ಕಾಯಿಲೆಯ ಲಕ್ಷಣ. ಇದಿರುವವರಲ್ಲಿ ಶೇಕಡಾ 10ರಿಂದ 15 ಜನರಿಗೆ ಥೈಮೋಮಾ ಇರುತ್ತದೆ. ತೊಂದರೆ ಕಣ್ಣಿನದ್ದು, ಸ್ಕ್ಯಾನ್ ಯಾಕೆ ಎದೆಯದ್ದು ಎಂದು ರೋಗಿಗಳು ಕೇಳುವುದಕ್ಕೆ ಉತ್ತರ ಇದೇ.

ಮೊದಲ ಪರೀಕ್ಷೆ ಕಾಂಟ್ರಾಸ್ಟ್ (ರಕ್ತ ಹರಿಯುವ ಜಾಗ ಎದ್ದು ಕಾಣಲು ಚುಚ್ಚುವ ದ್ರವ) ಕೊಟ್ಟು ಮಾಡುವ ಸಿ.ಟಿ. ಸಾದಾ ಎಕ್ಸ್‌ರೇಯಲ್ಲಿ ದೊಡ್ಡ ಗಡ್ಡೆ ಕಾಣಬಹುದು, ಚಿಕ್ಕದು ಹೃದಯದ ನೆರಳಿನಲ್ಲಿ ಅಡಗಿಬಿಡುತ್ತದೆ. ಸಿ.ಟಿ.ಯಲ್ಲಿ ರೇಡಿಯಾಲಜಿಸ್ಟ್ ಮೊದಲು ನೋಡುವುದು ಗಾತ್ರ ಮತ್ತು ಅಂಚು. ದುಂಡಗೆ, ನುಣುಪಾಗಿ ಇದೆಯೋ, ಉಬ್ಬುತಗ್ಗು ಇದೆಯೋ, ಒಳಗೆ ಸತ್ತ ಭಾಗ ಇದೆಯೋ. ಉಬ್ಬುತಗ್ಗು ಇದ್ದರೆ ಗಡ್ಡೆ ಜೋರಿನದ್ದಿರಬಹುದು ಎಂಬ ಸುಳಿವು, ಆದರೆ ಖಾತ್ರಿ ಅಲ್ಲ. ನನ್ನ ಪ್ರಕಾರ ರಿಪೋರ್ಟಿನ ತಿರುಳು ಇರುವುದು ಇದಾದ ಮೇಲಿನ ಸಾಲುಗಳಲ್ಲಿ: ಗಡ್ಡೆಗೂ ಅಕ್ಕಪಕ್ಕದ ಅಂಗಗಳಿಗೂ ಇರುವ ಸಂಬಂಧದಲ್ಲಿ.

ಗಡ್ಡೆಗೂ ಹೃದಯದ ಹೊರಚೀಲಕ್ಕೂ ನಡುವೆ ಸಾಮಾನ್ಯವಾಗಿ ಕೊಬ್ಬಿನ ತೆಳು ಗೆರೆ ಇರುತ್ತದೆ. ಸಿ.ಟಿ.ಯಲ್ಲಿ ಅದು ಕಪ್ಪಗೆ ಕಾಣುತ್ತದೆ. ಆ ಗೆರೆ ಉದ್ದಕ್ಕೂ ಕಂಡರೆ ಸಮಾಧಾನ. ಒಂದು ಕಡೆ ಅಳಿಸಿಹೋಗಿದ್ದರೆ ಗಡ್ಡೆ ಅಲ್ಲಿ ತಾಗಿದೆ ಎಂದರ್ಥ. ತಾಗಿದೆ ಎಂದ ಮಾತ್ರಕ್ಕೆ ಒಳಗೆ ನುಗ್ಗಿದೆ ಎಂದೇನಲ್ಲ. ಆದರೆ ರಕ್ತನಾಳದ ಗೋಡೆ ಸೊಟ್ಟಗಾಗಿ, ಒಳಗೇ ಗಡ್ಡೆಯ ತುಣುಕು ಚಾಚಿಕೊಂಡಿದ್ದರೆ ಅನುಮಾನ ಉಳಿಯುವುದಿಲ್ಲ. ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು) ಆಡಿಸುವ ಫ್ರೆನಿಕ್ ನರ ಇಲ್ಲೇ ಪಕ್ಕದಲ್ಲಿ ಹಾದು ಹೋಗುತ್ತದೆ. ನರ ಸಪೂರ, ಸ್ಕ್ಯಾನ್‌ನಲ್ಲಿ ನೇರವಾಗಿ ಹಿಡಿಯುವುದು ಕಷ್ಟ. ಆದರೆ ಒಂದು ಬದಿಯ ವಪೆ ಮೇಲಕ್ಕೆ ಸರಿದು ಕೂತಿದ್ದರೆ ಆ ನರಕ್ಕೆ ಗಡ್ಡೆ ಹಬ್ಬಿರಬಹುದು ಎಂದು ಎಣಿಸುತ್ತಾರೆ.

ಥೈಮೋಮಾ ಹರಡುವ ರೀತಿಯೂ ಬೇರೆ. ಲಿವರ್‌ಗೋ ಮೂಳೆಗೋ ಹೋಗುವುದು ಕಡಿಮೆ. ಶ್ವಾಸಕೋಶದ ಹೊರಪೊರೆ ಪ್ಲೂರಾದ ಮೇಲೆ ಚಿಕ್ಕ ಚಿಕ್ಕ ಗಂಟುಗಳಾಗಿ ಉದುರಿ ಕೂರುತ್ತದೆ, ಹೆಚ್ಚಾಗಿ ಒಂದೇ ಬದಿಯಲ್ಲಿ. ಅದಕ್ಕೇ ಎದೆಯ ಮೇಲ್ಭಾಗ ಮಾತ್ರ ನೋಡಿ ನಿಲ್ಲಿಸಿದರೆ ಸಾಲದು. ಪ್ಲೂರಾದ ತೀರಾ ಕೆಳಗಿನ ಮೂಲೆಯವರೆಗೆ ಸ್ಕ್ಯಾನ್ ಹೋಗಬೇಕು. ಕಾರ್ಸಿನೋಮಾ ಆದರೆ ಲಿಂಫ್ ಗ್ರಂಥಿಗಳಿಗೂ ದೂರದ ಅಂಗಗಳಿಗೂ ಹೋಗುವ ಸಂಭವ ಜಾಸ್ತಿ.

ಸಿ.ಟಿ. ಎಡವುವ ಜಾಗ ಒಂದಿದೆ. ಅದರಲ್ಲಿ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಯೂನಿಟ್‌ನಲ್ಲಿ ಅಳೆಯುತ್ತಾರೆ. ನೀರು 0, ಕೊಬ್ಬು ಸುಮಾರು -100. ಥೈಮಸ್‌ನಲ್ಲಿ ಬರುವ ನೀರುಚೀಲದೊಳಗೆ ಪ್ರೋಟೀನ್ ಬೆರೆತಿದ್ದರೆ ಅಥವಾ ಹಿಂದೆಂದೋ ರಕ್ತ ಒಸರಿದ್ದರೆ ಅಳತೆ 30, 40ಕ್ಕೂ ಏರಬಹುದು. ಆಗ ಅದು ಗಟ್ಟಿ ಗಡ್ಡೆಯ ವೇಷ ಹಾಕುತ್ತದೆ. ಹೀಗೆ ಮೋಸಹೋಗಿ ಎದೆ ತೆರೆದು ಬರೀ ನೀರುಚೀಲ ತೆಗೆದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ.

ಇಲ್ಲಿ ಎಂ.ಆರ್.ಐ. ನೆರವಿಗೆ ಬರುತ್ತದೆ. ಕಾಂಟ್ರಾಸ್ಟ್ ಕೊಡುವ ಮುಂಚೆ ಒಂದು ಚಿತ್ರ, ಕೊಟ್ಟ ಮೇಲೆ ಒಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದಾಗ ಏನೂ ಉಳಿಯದಿದ್ದರೆ ಒಳಗೆ ರಕ್ತ ಹರಿಯುತ್ತಿಲ್ಲ, ಅಂದರೆ ಅದು ಚೀಲ. ಗೋಡೆ ದಪ್ಪಗಿದ್ದರೆ, ಒಳಗೆ ಗಂಟು ಕಂಡರೆ ಮಾತ್ರ ಮುಂದೆ ಯೋಚನೆ.

ಎಂ.ಆರ್.ಐ.ಯ ಇನ್ನೊಂದು ವಿಧಾನ ಕೆಮಿಕಲ್ ಶಿಫ್ಟ್ ಇಮೇಜಿಂಗ್. ನೀರಿನ ಮತ್ತು ಕೊಬ್ಬಿನ ಹೈಡ್ರೋಜನ್ ಅಯಸ್ಕಾಂತದೊಳಗೆ ಸ್ವಲ್ಪ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಒಂದು ಕ್ಷಣ ಎರಡರ ಸಿಗ್ನಲ್ಲೂ ಒಂದೇ ಕಡೆ ಇರುತ್ತದೆ, ಇನ್ನೊಂದು ಕ್ಷಣ ಎದುರುಬದುರು. ಈ ಎರಡೂ ಕ್ಷಣಗಳಲ್ಲಿ ಚಿತ್ರ ತೆಗೆಯುತ್ತಾರೆ. ಒಂದೇ ಚುಕ್ಕಿಯಲ್ಲಿ ನೀರು ಮತ್ತು ಕೊಬ್ಬು ಎರಡೂ ಬೆರೆತಿದ್ದರೆ, ಹಗ್ಗಜಗ್ಗಾಟದಲ್ಲಿ ಸಮಬಲದವರು ಎದುರಾದ ಹಾಗೆ, ಒಂದನ್ನೊಂದು ಹೊಡೆದುಹಾಕಿ ಆ ಚುಕ್ಕಿ ಕಪ್ಪಾಗುತ್ತದೆ. ದೊಡ್ಡವರ ಥೈಮಸ್ ಸುಮ್ಮನೆ ಊದಿಕೊಂಡಿದ್ದರೆ ಅದರೊಳಗೆ ಕೊಬ್ಬು ಬೆರೆತಿರುತ್ತದೆ, ಹಾಗಾಗಿ ಎರಡನೇ ಚಿತ್ರದಲ್ಲಿ ಕಪ್ಪಾಗುತ್ತದೆ. ಥೈಮೋಮಾದಲ್ಲಿ ಕೊಬ್ಬಿನ ಬೆರಕೆ ಇಲ್ಲ. ಅದು ಎರಡೂ ಚಿತ್ರದಲ್ಲಿ ಒಂದೇ ಥರ ಇರುತ್ತದೆ. ಸೂಜಿ ಇಲ್ಲ, ಕತ್ತರಿ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಒಂದು ಎಚ್ಚರ ಮಾತ್ರ ಬೇಕು. ಮಕ್ಕಳಲ್ಲಿ, ಕೆಲವು ಯುವಕರಲ್ಲಿ ಥೈಮಸ್‌ಗೆ ಇನ್ನೂ ಕೊಬ್ಬು ಸೇರಿರುವುದಿಲ್ಲ. ಅವರಲ್ಲಿ ಕಪ್ಪಾಗಲಿಲ್ಲ ಎಂದು ಗಡ್ಡೆಯ ಪಟ್ಟ ಕಟ್ಟುವಂತಿಲ್ಲ.

ಪೆಟ್ ಸ್ಕ್ಯಾನ್ ದುಬಾರಿ, ಹೆಸರೂ ದೊಡ್ಡದು. ಅದಕ್ಕೇ ಏನೋ, ಅದನ್ನೇ ಮೊದಲು ಮಾಡಿಸೋಣ ಎನ್ನುವವರಿದ್ದಾರೆ. ಥೈಮಸ್ ವಿಷಯದಲ್ಲಿ ಅದು ಮೊದಲ ಪರೀಕ್ಷೆ ಅಲ್ಲ. ಊದಿಕೊಂಡ ಸಹಜ ಥೈಮಸ್ ಕೂಡ ಸಕ್ಕರೆ ಹೀರಿ ಹೊಳೆಯುತ್ತದೆ. ಕಾರ್ಸಿನೋಮಾ ಸಾಮಾನ್ಯವಾಗಿ ಜೋರಾಗಿ ಹೊಳೆಯುತ್ತದೆ, ಹಾಗಾಗಿ ಅದು ಎಲ್ಲೆಲ್ಲಿ ಹರಡಿದೆ ಎಂದು ಹುಡುಕಲು ಪೆಟ್ ಒಳ್ಳೆಯದು. ಸೊಮ್ಯಾಟೊಸ್ಟಾಟಿನ್ ರಿಸೆಪ್ಟರ್ (ಜೀವಕೋಶದ ಮೇಲೆ ಆ ಹೆಸರಿನ ಹಾರ್ಮೋನ್ ಬಂದು ಅಂಟುವ ಜಾಗ) ಹುಡುಕುವ ಸ್ಕ್ಯಾನ್ ಬೇರೆ. ಆಪರೇಷನ್ ಆಗದ ಗಡ್ಡೆ ಅದರಲ್ಲಿ ಹೊಳೆದರೆ ಅದೇ ಜಾಗಕ್ಕೆ ಅಂಟುವ ಆಕ್ಟ್ರಿಯೋಟೈಡ್ ಎಂಬ ಔಷಧಿಯನ್ನು ಯೋಚಿಸಬಹುದು.

ಬೇರೆ ಎಷ್ಟೋ ಗಡ್ಡೆಗಳಲ್ಲಿ ಸ್ಕ್ಯಾನ್ ಸುಳಿವು ಕೊಡುತ್ತದೆ, ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ಮಾಡುವ ಪರೀಕ್ಷೆ) ತೀರ್ಮಾನ ಕೊಡುತ್ತದೆ, ಆಮೇಲೆ ಆಪರೇಷನ್. ಥೈಮಸ್‌ನಲ್ಲಿ ಈ ಸಾಲು ಮುರಿಯುತ್ತದೆ. ಚಿತ್ರದಲ್ಲಿ ಥೈಮೋಮಾದ ಹಾಗೆಯೇ ಕಾಣುತ್ತಿದ್ದು, ಪೂರ್ತಿ ತೆಗೆಯಬಹುದು ಎನಿಸಿದರೆ ಸೂಜಿ ಚುಚ್ಚದೆ ನೇರ ಆಪರೇಷನ್‌ಗೆ ಹೋಗುತ್ತಾರೆ. ಗಡ್ಡೆಯ ಹೊರಪೊರೆಯನ್ನು ಒಡೆಯದೆ ಇಡಿಯಾಗಿ ತೆಗೆಯುವುದೇ ಒಳ್ಳೆಯ ಚಿಕಿತ್ಸೆ, ಸೂಜಿ ಪ್ಲೂರಾದ ಮೂಲಕ ಹೋದರೆ ಗಡ್ಡೆಯ ಕಣಗಳು ಅಲ್ಲಿ ಬೀಳಬಹುದೆಂಬ ಭಯವೂ ಇದೆ. ಅದೇ ಲಿಂಫೋಮಾ ಎಂಬ ಅನುಮಾನ ಬಂದರೆ ಬಯಾಪ್ಸಿ ಬೇಕೇ ಬೇಕು, ಯಾಕೆಂದರೆ ಅದಕ್ಕೆ ಚಿಕಿತ್ಸೆ ಔಷಧಿ, ಕತ್ತರಿ ಅಲ್ಲ. ಹರೆಯದ ಗಂಡಸರಾದರೆ ಜರ್ಮ್ ಸೆಲ್ ಗಡ್ಡೆ ಇರಬಹುದಾ ಎಂದು ಎ.ಎಫ್‌.ಪಿ. ಮತ್ತು ಬೀಟಾ ಎಚ್‌.ಸಿ.ಜಿ. ರಕ್ತಪರೀಕ್ಷೆಯನ್ನೂ ಜೊತೆಗೆ ನೋಡುತ್ತಾರೆ. ಚಿತ್ರ ಓದುವವರ ಮೇಲೆ ಎಷ್ಟು ಭಾರ ಬೀಳುತ್ತದೆ ನೋಡಿ.

ರಿಪೋರ್ಟಿನಲ್ಲಿ ಹಂತ ಅಥವಾ ಸ್ಟೇಜ್ ಎಂದೂ ಬರಬಹುದು. ಮಸಾವೊಕಾ ಎಂಬ ವೈದ್ಯರ ತಂಡ 1981ರಲ್ಲಿ ಕೊಟ್ಟ ವಿಂಗಡಣೆ, 1994ರಲ್ಲಿ ಕೋಗಾ ತಂಡ ತಿದ್ದಿದ ರೂಪದಲ್ಲಿ, ಈಗಲೂ ಬಳಕೆಯಲ್ಲಿದೆ. ಅದರ ಜೊತೆಗೆ ಗಡ್ಡೆ, ಲಿಂಫ್ ಗ್ರಂಥಿ, ದೂರದ ಹರಡುವಿಕೆ ಈ ಮೂರನ್ನೂ ನೋಡಿ ಹಂತ ಹೇಳುವ ಟಿ.ಎನ್‌.ಎಂ. ಪದ್ಧತಿಯೂ ಬಂದಿದೆ. ಅದರ 9ನೇ ಆವೃತ್ತಿಯಲ್ಲಿ ಆರಂಭದ ಹಂತದ ಗಡ್ಡೆಗಳನ್ನು 5 ಸೆಂಟಿಮೀಟರ್‌ನ ಗೆರೆ ಹಾಕಿ ಎರಡು ಭಾಗ ಮಾಡಿದ್ದಾರೆ. ಸ್ಕ್ಯಾನ್ ನೋಡಿ ಹೇಳುವ ಹಂತ ಅಂದಾಜು ಮಾತ್ರ. ಹೊರಪೊರೆಯನ್ನು ಗಡ್ಡೆ ಕೂದಲೆಳೆಯಷ್ಟು ದಾಟಿದ್ದರೆ ಅದು ಮೈಕ್ರೋಸ್ಕೋಪಿಗೇ ಕಾಣಬೇಕು.

ಆಪರೇಷನ್ ಆದ ಮೇಲೂ ಸ್ಕ್ಯಾನ್ ನಿಲ್ಲುವುದಿಲ್ಲ. ಥೈಮೋಮಾ 10 ವರ್ಷ ಕಳೆದ ಮೇಲೂ ಮರಳಿ ಬಂದದ್ದಿದೆ, ಅದೂ ಹೆಚ್ಚಾಗಿ ಪ್ಲೂರಾದಲ್ಲೇ. ಇಷ್ಟು ವರ್ಷ ಸಿ.ಟಿ. ಮಾಡಿಸುತ್ತಾ ಹೋದರೆ ಕಿರಣದ ಲೆಕ್ಕ ಏರುತ್ತದಲ್ವಾ? ಅದಕ್ಕೇ ಚಿಕ್ಕ ವಯಸ್ಸಿನವರಲ್ಲಿ ಕೆಲವು ಸಲ ಸಿ.ಟಿ. ಬದಲು ಎಂ.ಆರ್.ಐ. ಬಳಸುವ ರೂಢಿ ಇದೆ. ಪ್ಲೂರಾದ ಮೇಲೆ 4 ಮಿಲಿಮೀಟರ್‌ನ ಒಂದು ಗಂಟು ಕಂಡಾಗ, ಅದು ಹೊಸದೋ, ಮೊದಲಿಂದಲೂ ಇದ್ದದ್ದೋ ಎಂದು ಹೇಳುವುದು ಹಳೆಯ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ. ರಿಪೋರ್ಟಿನ ಹಾಳೆ ಇಟ್ಟುಕೊಂಡು ಸಿ.ಡಿ. ಎಸೆದುಬಿಡುವವರೇ ಜಾಸ್ತಿ. ಹಾಳೆ ಹೋದರೂ ಚಿಂತೆಯಿಲ್ಲ, ಚಿತ್ರಗಳಿರುವ ಸಿ.ಡಿ. ಜೋಪಾನ ಮಾಡಿ, ಮುಂದಿನ ಸ್ಕ್ಯಾನ್‌ಗೆ ಹೋಗುವಾಗ ಜೊತೆಗೆ ಒಯ್ಯಿರಿ.