ನಲ್ಲಿ ಮೂತಿ ಗೋಡೆ ಕಡೆ ತಿರುಗಿದ್ರೆ: ಹಳೇ ತ್ರೀ ನಾಟ್ ತ್ರೀಗೆ ಹೊಸ ಬ್ಯಾರೆಲ್

ಮನೇಲಿ ನಲ್ಲಿ ಹಾಕ್ಸಿದವರಿಗೆಲ್ಲ ಗೊತ್ತು, ಫುಲ್ ಟೈಟ್ ಮಾಡಿದ್ಮೇಲೆ ಮೂತಿ ಕೆಳಗೆ ನೋಡೋದು ಬಿಟ್ಟು ಗೋಡೆ ಕಡೆ ನೋಡ್ತಾ ಇರತ್ತೆ, ಆಗ ಪ್ಲಂಬರ್ ಬೈಕೊಂಡು ಬಿಚ್ಚಿ ಇನ್ನೆರಡು ಸುತ್ತು ಟೇಪ್ ಸುತ್ತಿ ಮತ್ತೆ ತಿರುಗಿಸ್ತಾನೆ. ಎರಡನೇ ಮಹಾಯುದ್ಧದ ಲೀ-ಎನ್‌ಫೀಲ್ಡ್ ನಂಬರ್ 4, ಅಂದ್ರೆ .303 (ತ್ರೀ ನಾಟ್ ತ್ರೀ) ತೋಟಾ ಹಾರಿಸೋ ಬ್ರಿಟಿಷ್ ರೈಫಲ್‌ಗೆ ಹೊಸ ಬ್ಯಾರೆಲ್ (ನಳಿಕೆ) ಕೂರ್ಸೋದೂ ಇದೇ ಕಥೆ, ಆದ್ರೆ ಅಲ್ಲಿ ಟೇಪ್ ನಡೆಯಲ್ಲ.

ಮೊದಲು ಬ್ಯಾರೆಲ್ ಯಾಕೆ ಹಾಳಾಗತ್ತೆ ಅಂತ ನೋಡೋಣ. ಗುಂಡು ಉಜ್ಜಿ ಉಜ್ಜಿ ಸವೆಯತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ನಿಜವಾದ ಕಳ್ಳ ಬಿಸಿ ಗ್ಯಾಸು. ಬ್ರಿಟಿಷರ ಹಳೇ ಲೀ-ಮೆಟ್‌ಫರ್ಡ್ ರೈಫಲ್ ನಳಿಕೆ ಒಳಗೆ ಗುಂಡನ್ನ ತಿರುಗಿಸೋಕೆ 7 ಆಳವಿಲ್ಲದ ದುಂಡನೆ ತೋಡುಗಳಿದ್ವು, ಕಪ್ಪು ಮದ್ದಿಗೆ ಅದು ಸರಿಹೋಗ್ತಿತ್ತು. ಆಮೇಲೆ ಕಾರ್ಡೈಟ್ ಅನ್ನೋ ಹೊಸ ಮದ್ದು ಬಂತು, ಅದ್ರಲ್ಲಿ 58% ನೈಟ್ರೋಗ್ಲಿಸರಿನ್, ಉರಿ ಎಷ್ಟು ಜೋರು ಅಂದ್ರೆ ಆ ತೋಡುಗಳು ಬೇಗ ಕರಗಿ ಹೋದ ಹಾಗೆ ಆಗ್ತಿತ್ತು. ಅದಕ್ಕೇ 1895ರಲ್ಲಿ ಚೌಕ ಅಂಚಿನ 5 ತೋಡುಗಳ ಎನ್‌ಫೀಲ್ಡ್ ವಿನ್ಯಾಸಕ್ಕೆ ಬದಲಾಯಿಸಿದ್ರು, ಮುಂದೆ ಮದ್ದಿನಲ್ಲೂ ನೈಟ್ರೋಗ್ಲಿಸರಿನ್‌ನ 30%ಗೆ ಇಳಿಸಿದ್ರು.

ಈಗ ಜೋಡಣೆಗೆ ಬನ್ನಿ. ಬ್ಯಾರೆಲ್ ಹಿಂಭಾಗದಲ್ಲಿ ಇಂಚಿಗೆ 14 ಸುತ್ತಿನ ಥ್ರೆಡ್ಡು, ಅಂದ್ರೆ ಒಂದು ಪೂರ್ತಿ ಸುತ್ತಿಗೆ ಸುಮಾರು 1.8 ಮಿಲಿಮೀಟರ್ ಒಳಗೆ ಹೋಗತ್ತೆ. ಒಳಗೆ ಹೋಗಿ ಬಿಗಿಯಾಗಿ ನಿಂತಾಗ ಬ್ಯಾರೆಲ್ ತುದಿ ಮೇಲಿರೋ ಗುರಿಕಡ್ಡಿ ಸರಿಯಾಗಿ ನೆತ್ತಿಗೇ ಬರ್ಬೇಕು. ಅದಕ್ಕಿಂತ ಮುಂಚೆಯೇ ಬಿಗಿಯಾದ್ರೆ ಬ್ಯಾರೆಲ್‌ನ ಭುಜ, ಅಂದ್ರೆ ರೈಫಲ್ ಬಾಡಿಗೆ ತಾಗಿ ನಿಲ್ಲೋ ಮೆಟ್ಟಿಲನ್ನ ಸ್ವಲ್ಪ ಕೆರೀಬೇಕು. ಭುಜದಿಂದ ಬರೀ 0.1 ಮಿಲಿಮೀಟರ್ ತೆಗೆದ್ರೆ ಬ್ಯಾರೆಲ್ ಸುಮಾರು 20 ಡಿಗ್ರಿ ಹೆಚ್ಚು ತಿರುಗತ್ತೆ! ಜಾಸ್ತಿ ತೆಗೆದ್ರೋ, ಗುರಿಕಡ್ಡಿ ನೆತ್ತಿ ದಾಟಿ ಆಚೆ ಕಡೆಗೆ. ಬರೀ 1 ಡಿಗ್ರಿ ತಪ್ಪಿದ್ರೂ, ಗುರಿಕಡ್ಡಿ ನಳಿಕೆಯ ಮಧ್ಯದಿಂದ 25 ಮಿಲಿಮೀಟರ್ ಎತ್ತರ ಅಂತ ಇಟ್ಕೊಂಡ್ರೆ, 100 ಮೀಟರ್ ದೂರದಲ್ಲಿ ಗುಂಡು ಹತ್ರಹತ್ರ 6 ಸೆಂಟಿಮೀಟರ್ ಪಕ್ಕಕ್ಕೆ ಬೀಳತ್ತೆ. ಸಣ್ಣ ತಪ್ಪನ್ನ ಗುರಿಕಡ್ಡಿ ಪಕ್ಕಕ್ಕೆ ಸರಿಸಿ ಮುಚ್ಚಿಹಾಕ್ಬೋದು, ದೊಡ್ಡದನ್ನ ಆಗಲ್ಲ.

ಇದ್ರ ಜೊತೆಗೆ ಹೆಡ್‌ಸ್ಪೇಸ್ ಅನ್ನೋ ತಲೆನೋವು. .303 ತೋಟಾಗೆ ಹಿಂದೆ ಅಂಚು ಇದೆ, ತೋಟಾನ ಹಿಂದಿನಿಂದ ಮುಚ್ಚಿ ಹಿಡಿಯೋ ಬೋಲ್ಟು ಮತ್ತು ಬ್ಯಾರೆಲ್ ನಡುವೆ ಆ ಅಂಚು ಕೂತ್ಕೊಳ್ಳೋ ಜಾಗ ಮಿಲಿಟರಿ ಲೆಕ್ಕದಲ್ಲಿ 0.064ರಿಂದ 0.074 ಇಂಚಿನ ಒಳಗೇ ಇರ್ಬೇಕು. ಜಾಗ ಜಾಸ್ತಿ ಆದ್ರೆ ಹಿತ್ತಾಳೆ ಚಿಪ್ಪು ಹಿಗ್ಗಿ ಹರಿದು ಬಿಸಿ ಗ್ಯಾಸ್ ಹಿಂದಕ್ಕೆ, ಅಂದ್ರೆ ಮುಖದ ಕಡೆಗೆ. ನಂಬರ್ 4 ಡಿಸೈನ್ ಮಾಡಿದವ್ರು ಇಲ್ಲಿ ಜಾಣತನ ತೋರ್ಸಿದ್ದಾರೆ, ಬೋಲ್ಟಿನ ತಲೆ ಬಿಚ್ಚಿ ತೆಗೆಯೋ ಹಾಗಿದೆ, 0ಯಿಂದ 3ರವರೆಗೆ ನಾಲ್ಕು ಅಳತೇಲಿ ಬರತ್ತೆ, ಜಾಗ ಸಡಿಲ ಅನ್ನಿಸಿದ್ರೆ ದೊಡ್ಡ ನಂಬರಿನದು, ಅಂದ್ರೆ ಸ್ವಲ್ಪ ಉದ್ದ ಇರೋದು, ಹಾಕ್ತಾರೆ.

ನಮ್ಮಲ್ಲಿ .303 ಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಕೆ ತೂತಿನ ಅಳತೆ), ಬೇರೆ ದೇಶದ ಸಂಗ್ರಾಹಕರೂ ಇದನ್ನ ಸಾಮಾನ್ಯವಾಗಿ ಗನ್‌ಸ್ಮಿತ್, ಅಂದ್ರೆ ಬಂದೂಕು ರಿಪೇರಿ ಮಾಡೋರ ಕೈಲೇ ಮಾಡಿಸ್ತಾರೆ. ಬ್ರಿಟನ್ನಲ್ಲಿ ಹೊಸ ಬ್ಯಾರೆಲ್ ಹಾಕಿದ ರೈಫಲ್ ಮಾರೋಕೂ ಮುಂಚೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ಗೆ ಕಳಿಸ್ಬೇಕು. ಅಲ್ಲಿ ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾರಿಸ್ತಾರೆ, ಪಾಸಾದ್ರೆ ಬ್ಯಾರೆಲ್ ಮೇಲೆ ಮುದ್ರೆ ಒತ್ತಿ ವಾಪಸ್ ಕೊಡ್ತಾರೆ.